ಮೊದಲು ರಕ್ತ ನಿಲ್ಲಿಸಿ, ಕೇಸು ಆಮೇಲೆ ಬರೆದುಕೊಳ್ಳಿ

ಬೈಲಕುಪ್ಪೆ, ಕೊಪ್ಪ, ಪಿರಿಯಾಪಟ್ಟಣದ ಬಂಧುಗಳೇ, ‘ಇಲ್ಲಿ ಆಗಲ್ಲ, ಮೈಸೂರಿಗೆ ಕರ್ಕೊಂಡ್ಹೋಗಿ’ ಎಂಬ ಮಾತು ಕೇಳದ ಮನೆ ನಮ್ಮಲ್ಲಿ ಯಾವುದಿದೆ? ಬೈಲಕುಪ್ಪೆಯಿಂದ ಮೈಸೂರು ಸುಮಾರು 80 ಕಿಲೋಮೀಟರ್. ಕಾಲು ಮುರಿದವನು ಹಲ್ಲು ಕಚ್ಚಿಕೊಂಡು ಹೋದಾನು. ಸಿಲಿಂಡರ್ ಸಿಡಿದು ಬೆಂದವನು, ಹಂದಿಗೆಂದು ಯಾರೋ ಬೇಲಿ ಬದಿ ಇಟ್ಟ ಸಿಡಿಮದ್ದು ಮುಟ್ಟಿ ಕೈ ಕಳೆದುಕೊಂಡವನು ಅಲ್ಲಿಯವರೆಗೆ ಉಳಿಯಬೇಕಲ್ಲ?

ಮೈಸೂರಿಗೆ ಕಳಿಸುವುದಕ್ಕೆ ನನ್ನ ತಕರಾರಿಲ್ಲ. ದೊಡ್ಡ ಆಪರೇಷನ್ನು ತಾಲ್ಲೂಕಿನಲ್ಲಿ ಆಗದು, ಒಪ್ಪಿದೆ. ಹೊಟ್ಟೆ ಉರಿಯುವುದು ಗಾಯಾಳುವನ್ನು ಮುಟ್ಟದೆಯೇ ಚೀಟಿ ಬರೆಯುವುದಕ್ಕೆ. ನಮ್ಮ ಸೀಮೆಯ ಒಂದು ಆಸ್ಪತ್ರೆಯ ಬಾಗಿಲಲ್ಲಿ ಕಣ್ಣಾರೆ ಕಂಡೆ. ಮುಂಗೈ ಛಿದ್ರವಾದ ಹುಡುಗ ಆಟೋದಲ್ಲೇ ಕೂತಿದ್ದ, ಸುತ್ತಿದ್ದ ಟವೆಲ್ಲು ತೊಟ್ಟಿಕ್ಕುತ್ತಿತ್ತು. ಒಳಗೆ ಚರ್ಚೆ ಮಾತ್ರ: ‘ಹೆಂಗಾಯ್ತು? ಪೊಲೀಸ್ ಕೇಸ್ ಆಗುತ್ತಲ್ಲ?’ ಬಿಗಿಯಾಗಿ ಒಂದು ಪಟ್ಟಿ ಕಟ್ಟಲು ಪೊಲೀಸರ ಅಪ್ಪಣೆ ಬೇಕೇ?

ಬೇಡ. ಹಿಂದೊಮ್ಮೆ ಕಾರು ಡಿಕ್ಕಿ ಹೊಡೆದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ. ಪೊಲೀಸ್ ಕೇಸು ನೋಡುವ ಆಸ್ಪತ್ರೆ 20 ಕಿಲೋಮೀಟರ್ ಆಚೆ ಇದೆ ಎಂದು ಅಟ್ಟಿತು. ಆತ ದಾರಿಯಲ್ಲೇ ಸತ್ತ. ಪರಮಾನಂದ ಕಟಾರಾ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿಬಿಟ್ಟಿತು: ಸರ್ಕಾರಿಯೋ ಖಾಸಗಿಯೋ, ಮೊದಲು ಜೀವ ಉಳಿಸಿ, ಕಾಗದಪತ್ರ ಆಮೇಲೆ. ಅವತ್ತು ಹುಟ್ಟಿದ ಕೂಸಿಗೂ ಈಗ ತಲೆ ನರೆಯುತ್ತಿದೆ. ನಮ್ಮ ಬಾಗಿಲುಗಳಲ್ಲಿ ಮಾತ್ರ ಅದೇ ಪ್ರಶ್ನೆ.

ಸ್ಫೋಟದ ಗಾಯ ಕಣ್ಣಿಗೆ ಮೋಸ ಮಾಡುತ್ತದೆ. ಸಿಡಿತದ ಒತ್ತಡ ಶ್ವಾಸಕೋಶ, ಕರುಳುಗಳನ್ನು ಹರಿದಿದ್ದರೂ ಚರ್ಮದ ಮೇಲೆ ಗೀರೂ ಕಾಣದಿರಬಹುದು. ‘ಎದ್ದು ಓಡಾಡ್ತಾವ್ನೆ, ಏನೂ ಆಗಿಲ್ಲ’ ಅಂದುಕೊಂಡವನಿಗೆ ಆಮೇಲೆ ಉಸಿರು ಕಟ್ಟುತ್ತದೆ. ಮುಚ್ಚಿದ ಕೋಣೆಯ ಬೆಂಕಿಯಲ್ಲಿ ಗಂಟಲು ಒಳಗೇ ಊದಿಕೊಳ್ಳುತ್ತದೆ. ದನಿ ಗೊಗ್ಗರಾಯಿತೆಂದರೆ ಉಸಿರಿನ ನಳಿಗೆ ತೂರಿಸಲು ಹೆಚ್ಚು ಹೊತ್ತಿಲ್ಲ. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್‌ನಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕಡೆ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಬೆಂದವರು 9 ಜನ, ಸತ್ತವರು 8. ದೊಡ್ಡಾಸ್ಪತ್ರೆ ಅದೇ ಊರಲ್ಲಿದ್ದೂ ಹೀಗೆ. ನಾವು ಮುಟ್ಟದೆ 80 ಕಿಲೋಮೀಟರ್ ಕಳಿಸುತ್ತೇವೆ.

ನಾವೇನು ಸಾಚಾಗಳಲ್ಲ. ಅದೇ ಕೇಸಿನ ಭಯಕ್ಕೆ ಮದ್ದು ಸಿಡಿದದ್ದನ್ನು ‘ಕುಕ್ಕರ್ ಸಿಡೀತು’ ಎನ್ನುತ್ತೇವೆ. ಡಾಕ್ಟರು ಕೈ ನೋಡುತ್ತಾರೆ, ಎದೆ ಬಿಡುತ್ತಾರೆ. ಗಾಯಾಳು ನೆಲದಲ್ಲಿ ಹೊರಳುವಾಗ ವಿಡಿಯೊ ಮಾಡುತ್ತೇವೆ, ಸುಟ್ಟದ್ದಕ್ಕೆ ಪೇಸ್ಟು ಮೆತ್ತುತ್ತೇವೆ. ಹತ್ತಿಪ್ಪತ್ತು ನಿಮಿಷ ನಲ್ಲಿ ನೀರು ಬಿಡಲು ಯಾವ ಕೇಸು ಅಡ್ಡ ಬಂತು? ರಕ್ತ ಚಿಮ್ಮುವ ಕಡೆ ಬಟ್ಟೆ ಒತ್ತಿ ಹಿಡಿಯಲು? ನಾಚಿಕೆಯಾಗಬೇಕು.

ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ, ತಿಳಿಸಲಿ. ಅದಕ್ಕೂ ಮೊದಲು ರಕ್ತ ನಿಲ್ಲಿಸಲಿ, ಉಸಿರು ನೋಡಲಿ, ಡ್ರಿಪ್ ಹಾಕಲಿ, ಮೈಸೂರಿಗೆ ಫೋನ್ ಮಾಡಿ ಆಕ್ಸಿಜನ್ ಇರುವ ಆಂಬುಲೆನ್ಸಿನಲ್ಲಿ ಕಳಿಸಲಿ. ನೀವು 108ಕ್ಕೆ ಕರೆ ಮಾಡಿ, ಏನು ಸಿಡಿಯಿತೆಂದು ನಿಜ ಹೇಳಿ. ಚೀಟಿ ಕೈಗಿಟ್ಟಾಗ ಓದಿ ನೋಡಿ. ಬಿ.ಪಿ. ಎಷ್ಟಿತ್ತು, ಏನು ಚಿಕಿತ್ಸೆ ಕೊಟ್ಟರು ಎಂದು ಅದರಲ್ಲಿ ಬರೆದಿಲ್ಲವೇ? ಹಾಗಾದರೆ ಅದನ್ನು ಈಸ್ಕೋಬೇಡಿ, ಗಾಯಾಳುವನ್ನು ಒಳಗೆ ಕರೆದುಕೊಂಡು ಹೋಗಿ ಟೇಬಲ್ ಮೇಲೆ ಮಲಗಿಸಿ.