ಕಂಟೇನರಿನಲ್ಲಿ ಏನಿದೆ, ಮೀನುಗಾರನಿಗೂ ಗೊತ್ತಾಗಲಿ

2022ರ ಮಾರ್ಚ್ 24ರಂದು ಕೋಲ್ಕತ್ತ ಬಂದರಿನ ನೇತಾಜಿ ಸುಭಾಷ್ ಡಾಕ್‌ನಲ್ಲಿ ಬಾಂಗ್ಲಾದೇಶದ ‘ಮರೀನ್ ಟ್ರಸ್ಟ್ 01’ ಹಡಗು ಕಂಟೇನರ್ ತುಂಬಿಸಿಕೊಳ್ಳುತ್ತಿರುವಾಗಲೇ ವಾಲಿ ಮಗುಚಿತು. ನಡುಗಡಲಲ್ಲಲ್ಲ, ದಡಕ್ಕೆ ಕಟ್ಟಿದ್ದಲ್ಲೇ. ಅದಕ್ಕೂ ಮೊದಲು, 2018ರ ಜೂನ್‌ನಲ್ಲಿ, ಇಲ್ಲಿಗೆ ಬರುತ್ತಿದ್ದ ‘ಎಸ್‌ಎಸ್‌ಎಲ್ ಕೋಲ್ಕತ್ತ’ ಹಡಗಿನ ಕಂಟೇನರ್‌ಗಳಿಗೆ ಬೆಂಕಿ ಬಿತ್ತು. ಕರಾವಳಿ ಕಾವಲು ಪಡೆ 22 ಸಿಬ್ಬಂದಿಯನ್ನು ಪಾರುಮಾಡಿತು. ಹಡಗು ಉಳಿಯಲಿಲ್ಲ.

ನಾನು ಕಾರವಾರದವನು. 2006ರಲ್ಲಿ ‘ಓಷನ್ ಸೆರಾಯಾ’ ನಮ್ಮೂರಿನ ಕಡಲಲ್ಲಿ ಬಂಡೆಗೆ ಬಡಿದು ಎಣ್ಣೆ ಸೋರಿದಾಗ ಹೈಸ್ಕೂಲಿನಲ್ಲಿದ್ದೆ. ಅಂಗಾಲಿಗೆ ಮೆತ್ತಿದ್ದ ಡಾಂಬರಿನಂಥ ಜಿಡ್ಡನ್ನು ಅಮ್ಮ ಸೀಮೆಎಣ್ಣೆ ಹಚ್ಚಿ ತೆಗೆದಿದ್ದರು.

ನಿಯಮಗಳಿಗೇನೂ ಬರವಿಲ್ಲ. ‘ಮಾರ್ಪೋಲ್’ ಒಪ್ಪಂದದ ಪ್ರಕಾರ ಎಂಜಿನ್ ಕೋಣೆಯ ಕೊಳೆನೀರನ್ನು ಕಡಲಿಗೆ ಬಿಡಬೇಕಾದರೆ ಅದರಲ್ಲಿ ಹತ್ತು ಲಕ್ಷಕ್ಕೆ 15 ಪಾಲಿಗಿಂತ ಹೆಚ್ಚು ಎಣ್ಣೆ ಇರಬಾರದು, ಬಿಟ್ಟದ್ದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ‘ಸೋಲಾಸ್’ ಅಡಿಯಲ್ಲಿ 2016ರ ಜುಲೈ 1ರಿಂದ ತೂಕ ದೃಢೀಕರಿಸದ ಕಂಟೇನರನ್ನು ಹಡಗಿಗೆ ಹತ್ತಿಸುವಂತಿಲ್ಲ. ತೂಕವೇನೋ ಸರಿ, ಒಳಗಿನ ಸರಕು? ಅದು ಬಹುಮಟ್ಟಿಗೆ ಕಳುಹಿಸಿದವನು ಬರೆದುಕೊಟ್ಟ ಮಾತು. ಅಪಾಯಕಾರಿ ರಾಸಾಯನಿಕವನ್ನು ಮಾಮೂಲಿ ಸರಕೆಂದು ಬರೆದರೆ ಖರ್ಚೂ ಕಮ್ಮಿ, ತಾಪತ್ರಯವೂ ಕಮ್ಮಿ. ಕಪ್ತಾನ ನಂಬಬೇಕಾದದ್ದು ಆ ಕಾಗದವನ್ನೇ. ಸಾಫ್ಟ್‌ವೇರ್ ಬರೆಯುವ ನನಗೆ ಇದು ಪರಿಚಿತ ರೋಗ. ಫಾರ್ಮ್ ಭರ್ತಿಯಾಗಿದೆಯೇ ಎಂದು ನಮ್ಮ ಪ್ರೋಗ್ರಾಂ ನೋಡುತ್ತದೆ, ತುಂಬಿದ್ದು ನಿಜವೇ ಎಂದು ನೋಡುವುದಿಲ್ಲ.

2025ರ ಮೇ 25ರಂದು ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು. 640 ಕಂಟೇನರ್‌ಗಳು. 13ರಲ್ಲಿ ಅಪಾಯಕಾರಿ ಸರಕು, ಇನ್ನು 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಅದಕ್ಕೆ ನೀರು ತಾಗಿದರೆ ಹೊತ್ತಿಕೊಳ್ಳುವ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಪ್ಲಾಸ್ಟಿಕ್ ಕಾಳುಗಳು ಕೇರಳದ ದಡದುದ್ದಕ್ಕೂ ಹರಡಿದವು. ಹೊಟ್ಟೆಗೆ ಏಟು ಬಿದ್ದದ್ದು ಮಾತ್ರ ಬಲೆ ಒಣಹಾಕಿ ಕೂತವರಿಗೆ.

ಆದ್ದರಿಂದ ಬಂದರುಗಳಲ್ಲಿ ಒಂದಿಷ್ಟು ಕಂಟೇನರ್‌ಗಳನ್ನು ಮುನ್ಸೂಚನೆಯಿಲ್ಲದೆ ತೆರೆದು ನೋಡಬೇಕು. ಅವಘಡವಾದರೆ ಸರಕಿನ ಪೂರ್ತಿ ಪಟ್ಟಿ 24 ಗಂಟೆಯೊಳಗೆ ಕನ್ನಡ, ಮಲಯಾಳ, ಬಂಗಾಳಿ, ಆಯಾ ಕರಾವಳಿಯ ಭಾಷೆಯಲ್ಲಿ ಮೀನುಗಾರಿಕಾ ಬಂದರಿನ ಗೋಡೆಗೆ ಬರಬೇಕು. ಪಟ್ಟಿ ಹಡಗು ಕಂಪನಿಯ ಕಂಪ್ಯೂಟರಿನಲ್ಲಿ ಹೇಗೂ ಇರುತ್ತದೆ. ಕಳಿಸಲು ಬೇಕಾದದ್ದು ಒಂದು ಇಮೇಲ್.

ಕಳೆದ ರಜೆಯಲ್ಲಿ ಬೈತಖೋಲದಲ್ಲಿ ದೋಣಿಯಿರುವ ನಮ್ಮ ಮಾವ ಕೇಳಿದರು: ‘ತಮಾ, ಬಲೆಗೆ ಡ್ರಮ್ ಗಿಮ್ ಸಿಕ್ರೆ ಎಳೀಬೇಕೋ, ಬಲೆ ಕತ್ತರಿಸಿ ಬಿಡಬೇಕೋ?’ ಎಂಟೆಕ್ ಓದಿದ ನನ್ನಲ್ಲಿ ಉತ್ತರವಿರಲಿಲ್ಲ.