ಭಾಷಾವಾರು ರಾಜ್ಯಗಳು ದೇಶವನ್ನು ಒಡೆದವೇ?

ಹೊರನಾಡ ಕನ್ನಡಿಗರಲ್ಲೇ ಕೆಲವರು, ಅದರಲ್ಲೂ ಓದಿದವರು, ಒಂದು ಮಾತನ್ನು ಪದೇ ಪದೇ ಆಡುತ್ತಾರೆ: "ಭಾಷೆಯ ಹೆಸರಿನಲ್ಲಿ ರಾಜ್ಯ ಕಟ್ಟಿದ್ದೇ ತಪ್ಪು, ಅದರಿಂದಲೇ ದೇಶ ಹೋಳಾಯಿತು, ನಾವು ಇಲ್ಲಿ ಪರಕೀಯರಾದೆವು." ಈ ಮಾತು ಚರಿತ್ರೆಗೂ ಒಪ್ಪದು, ನ್ಯಾಯಕ್ಕೂ ಒಪ್ಪದು.

ಗಣರಾಜ್ಯದ ಮೊದಲ ವರ್ಷಗಳನ್ನು ನೆನೆಯಿರಿ. ವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. 1948ರ ಧರ್ ಆಯೋಗ ಬೇಡವೆಂದಿತು. ನೆಹರೂ, ಪಟೇಲ್, ಪಟ್ಟಾಭಿಯವರ ಸಮಿತಿ 1949ರಲ್ಲಿ ಮುಂದೂಡಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಪ್ರಾಣಬಿಟ್ಟರು. 1953ರಲ್ಲಿ ಆಂಧ್ರ ಹುಟ್ಟಿತು. ಫಜಲ್ ಅಲಿ ಆಯೋಗದ ವರದಿಯ ಬಳಿಕ, 1956ರ ನವೆಂಬರ್ 1ರಂದು 14 ರಾಜ್ಯಗಳಾದವು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಲ್ಲಿ ಬಹುಪಾಲು ಒಂದಾದರು. ದೇಶ ಒಡೆಯಿತೇ? ಇಲ್ಲ. 1971ರಲ್ಲಿ ಒಡೆದದ್ದು ಬಂಗಾಳಿಯನ್ನು ಅದುಮಲು ಹೊರಟಿದ್ದ ಪಾಕಿಸ್ತಾನ. ಅಲ್ಲಿ ಭಾಷೆಯೊಂದೇ ಕಾರಣವಲ್ಲ, ಆದರೆ ದೊಡ್ಡ ಬಿರುಕು ಮೊದಲು ಕಂಡದ್ದು ಭಾಷೆಯಲ್ಲೇ.

ಇನ್ನು ಪರಕೀಯರಾದೆವೆಂಬ ದೂರು. ಗಡಿಗಳನ್ನು ಬದಲಿಸಿದ ಆ ವರ್ಷವೇ ಸಂವಿಧಾನದ ಏಳನೆಯ ತಿದ್ದುಪಡಿ 350-ಎ ವಿಧಿಯನ್ನು ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು. ತರಗತಿಗೆ 10 ಅಥವಾ ಇಡೀ ಶಾಲೆಗೆ 40 ಮಕ್ಕಳಿದ್ದರೆ ಸಾಕೆಂದು 1949ರಲ್ಲೇ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು ಒಪ್ಪಿದ್ದರು.

'ಪ್ರಯತ್ನ' ಎಂಬ ಮೆತ್ತನೆಯ ಮಾತಿನ ಹಿಂದೆ ರಾಜ್ಯಗಳು ಅಡಗಿಕೊಳ್ಳುತ್ತವೆ, ನಿಜ. ಆದರೆ ನಾವೇನು ಮಾಡಿದೆವು? ರಾಜ್ಯೋತ್ಸವದಂದು ಭಾಷಣ ಕೇಳಿ, ಚಿರೋಟಿ ತಿಂದು, ಮರುದಿನ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದೆವು. ಕನ್ನಡ ಶಾಲೆ ಮುಚ್ಚಿದಾಗ ಮಾತ್ರ ಸಂತಾಪ ಸೂಚಕ ಠರಾವು!

ಕೇಂದ್ರ ಸರ್ಕಾರದ ಕಛೇರಿಯಲ್ಲಿ ಗುಮಾಸ್ತಿಕೆ ಮಾಡಿ ನಾನು ಕಲಿತದ್ದೊಂದೇ: ಅರ್ಜಿ ಬಾರದೆ ಕಡತ ತೆರೆಯುವುದಿಲ್ಲ. ಕೇಳದೆ ಬಿಟ್ಟ ಹಕ್ಕಿಗಾಗಿ 1956ನ್ನು ದೂರುವುದು ಸಲ್ಲದು. ಮುಂದಿನ ರಾಜ್ಯೋತ್ಸವಕ್ಕೆ ಮುನ್ನ ನಮ್ಮ ಸಂಘ ಮನೆಮನೆಗೆ ಹೋಗಿ, ಒಂದನೆಯ ತರಗತಿಗೆ ಸೇರುವ ಮಕ್ಕಳ ಪಟ್ಟಿ ಮಾಡಲಿ. ಹತ್ತು ಹೆಸರು ಸೇರಿದರೆ ಅರ್ಜಿ ಹಾಕೋಣ. ಸೇರದಿದ್ದರೆ, ತಪ್ಪು ಯಾರದೆಂದು ಆಗಲಾದರೂ ತಿಳಿದೀತು.