ಬಾಯಿಪಾಠ ಸಾಕು, ಕಂಡು ಕಲಿಯೋಣ

ನಮ್ಮಲ್ಲಿ ಹಲವರಿಗೆ ಫಿಸಿಕ್ಸ್ ಲ್ಯಾಬ್ ಎಂದರೆ 30 ಅಂಕ, ಅಷ್ಟೇ. ಉತ್ತರ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುತ್ತದೆ. ರೀಡಿಂಗ್ ಅದಕ್ಕೆ ಹೊಂದಿದರೆ ರೆಕಾರ್ಡಿಗೆ ಸಹಿ ಬೀಳುತ್ತದೆ. ಈ ರೂಢಿ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ. ಕಾರಣ ಹೇಳಲು ಕಾರ್ಬನ್ ನ್ಯಾನೋಟ್ಯೂಬಿನ ಕಥೆಯೇ ಸಾಕು.

ಪೆನ್ಸಿಲ್ ಕಡ್ಡಿಯ ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಹರಡಿದ ಹಾಳೆಗಳಿವೆ. ಅಂಥ ಒಂದು ಹಾಳೆಯನ್ನು ಸುರುಳಿ ಸುತ್ತಿ ಅಂಚು ಕೂಡಿಸಿದಂತಿರುವುದೇ ನ್ಯಾನೋಟ್ಯೂಬ್. ಅದರ ದಪ್ಪ ಒಂದೆರಡು ನ್ಯಾನೋಮೀಟರ್. ನಮ್ಮ ಕೂದಲು ಅದಕ್ಕಿಂತ ಹತ್ತಾರು ಸಾವಿರ ಪಟ್ಟು ದಪ್ಪ. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಹಲವು ಪದರದ ನಳಿಕೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದರು.

ಸ್ವಾರಸ್ಯವಿರುವುದು ಸುತ್ತುವ ರೀತಿಯಲ್ಲಿ. ಮೊಳಕಾಲ್ಮೂರಿನಿಂದ ಬರುವ ಗೆಳೆಯ ಗೆಳತಿಯರಿಗೆ ಇದು ಬೇಗ ಅರ್ಥವಾದೀತು. ಚೌಕಳಿ ಸೀರೆಯನ್ನು ನೇರವಾಗಿ ಸುತ್ತಿದರೆ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಓರೆಯಾಗಿ ಸುತ್ತಿದರೆ ಬಳ್ಳಿಯಂತೆ ಸುತ್ತಿಕೊಂಡು ಹೋಗುತ್ತವೆ. ಹೇಗೆ ಸುತ್ತಿದರೂ ಸೀರೆಯ ಗುಣ ಬದಲಾಗದು. ನ್ಯಾನೋಟ್ಯೂಬಿನಲ್ಲಿ ಮಾತ್ರ ಓರೆ ಮತ್ತು ಸುತ್ತಳತೆ ಸೇರಿ, ಅದು ಲೋಹದಂತೆ ವಿದ್ಯುತ್ ಹರಿಸುತ್ತದೋ ಅರೆವಾಹಕವಾಗುತ್ತದೋ ಎಂಬುದನ್ನೇ ನಿರ್ಧರಿಸುತ್ತವೆ.

ಇದನ್ನು ವಿಜ್ಞಾನಿಗಳು 1992ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಆದರೆ ಲೆಕ್ಕಕ್ಕೆ ಸಾಕ್ಷಿ ಬೇಕಲ್ಲ? ಅದು ಸಿಕ್ಕಿದ್ದು 1998ರಲ್ಲಿ, ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಹಾರ್ವರ್ಡಿನ ಎರಡು ತಂಡಗಳಿಂದ. ಅವರು ಬಳಸಿದ್ದು ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್. ಅದರ ಸೂಜಿಮೊನೆ ನಳಿಕೆಯನ್ನು ಮುಟ್ಟದೆ ತೀರಾ ಹತ್ತಿರದಲ್ಲಿ ಸರಿದಾಡುತ್ತದೆ. ನಡುವಿನ ಸಂದು ದಾಟುವ ಸಣ್ಣ ಕರೆಂಟಿನಿಂದ ಪರಮಾಣುಗಳ ಚಿತ್ರ ಮೂಡುತ್ತದೆ. ಸೂಜಿಯನ್ನು ಒಂದೆಡೆ ನಿಲ್ಲಿಸಿ ವೋಲ್ಟೇಜ್ ಬದಲಿಸಿದರೆ ಎಲೆಕ್ಟ್ರಾನುಗಳಿಗೆ ಯಾವ ಶಕ್ತಿಯಲ್ಲಿ ಜಾಗವಿದೆ, ಯಾವುದರಲ್ಲಿ ಇಲ್ಲ ಎಂಬುದೂ ತಿಳಿಯುತ್ತದೆ. ಒಂದೇ ನಳಿಕೆಯ ಓರೆಯನ್ನೂ ಗುಣವನ್ನೂ ಒಟ್ಟಿಗೆ ನೋಡಿದಾಗ ಲೆಕ್ಕ ನಿಜವಾಯಿತು. 2002ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಅರೆವಾಹಕ ನಳಿಕೆಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಸೂಸುವುದನ್ನು ತೋರಿಸಿದರು. ಆ ಬೆಳಕಿನ ತರಂಗದೂರವೂ ಸುತ್ತಿನ ರೀತಿಯನ್ನೇ ಅವಲಂಬಿಸುತ್ತದೆ.

ಇದು ದೂರದ ದೇಶಗಳ ಮಾತಷ್ಟೇ ಅಲ್ಲ. ನ್ಯಾನೋಟ್ಯೂಬ್ ಪರೀಕ್ಷಿಸಲು ಜಗತ್ತೆಲ್ಲ ಬಳಸುವ ಒಂದು ವಿಧಾನ, ಸಿ.ವಿ. ರಾಮನ್ 1928ರಲ್ಲಿ ಕಂಡ ರಾಮನ್ ಪರಿಣಾಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ಅವರ ತಂಡ ಒತ್ತಡದಲ್ಲಿರುವ ನ್ಯಾನೋಟ್ಯೂಬುಗಳನ್ನು ಇದೇ ವಿಧಾನದಲ್ಲಿ ಅಧ್ಯಯನ ಮಾಡಿದೆ. ಅದೇ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಇಷ್ಟು ಹತ್ತಿರವಿದ್ದೂ ನಾವು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕೇ?

ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ ಎರಡು. ವರ್ಷಕ್ಕೊಮ್ಮೆಯಾದರೂ, ಅನುಮತಿ ಪಡೆದು, ನಮ್ಮನ್ನು ಕುದಾಪುರಕ್ಕೆ ಕರೆದೊಯ್ಯಿರಿ. ಹುಡುಗಿಯರಿಗೂ ಅಷ್ಟೇ ಅವಕಾಶವಿರಲಿ. ಲ್ಯಾಬಿನಲ್ಲಿ ಉತ್ತರ ಹೇಳುವ ಮೊದಲು ನಮ್ಮ ರೀಡಿಂಗ್ ಬರೆಸಿ. ತಪ್ಪಿದರೆ ಅಂಕ ಕಳೆಯುವ ಬದಲು ಏಕೆ ತಪ್ಪಿತೆಂದು ಕೇಳಿ.

ಗೆಳೆಯರೇ, ನಾವೂ ಕಾಯಬೇಕಿಲ್ಲ. ಕಾಗದದ ಮೇಲೆ ಪೆನ್ಸಿಲಿನಿಂದ ದಪ್ಪ ಗೆರೆ ಎಳೆದು, ಮಲ್ಟಿಮೀಟರಿನಲ್ಲಿ ಅದರ ರೋಧ ಅಳೆಯಿರಿ. ಗೆರೆ ಉದ್ದವಾದಂತೆ ರೋಧ ಏನಾಗುತ್ತದೆ ನೋಡಿ. ಅದೂ ಇಂಗಾಲವೇ. ಪುಸ್ತಕದಲ್ಲಿ ಓದಿದ್ದು ನಿಮ್ಮ ಕೈಯಲ್ಲೇ ನಿಜವಾಗುವುದನ್ನು ಒಮ್ಮೆ ಕಂಡರೆ, ಅದನ್ನು ಪರೀಕ್ಷೆ ಮುಗಿದ ಮೇಲೂ ಮರೆಯಲಾರಿರಿ.